ಅಪ್‌ಡೇಟ್: ಸ್ಮಾರ್ಟ್ ಟಿವಿ ಪಾಠದಲ್ಲಿ ಗಮನ ನಿಲ್ಲದ ಮಕ್ಕಳು

ಕೊಪ್ಪಳ ತಾಲ್ಲೂಕಿನ ನಮ್ಮ ಶಾಲೆಯ ನಾಲ್ಕನೇ ತರಗತಿಯಲ್ಲಿ ಟಿವಿ ಹಚ್ಚಿದರೂ ಕೆಲವು ಮಕ್ಕಳ ಗಮನ ನಿಲ್ಲುತ್ತಿಲ್ಲ, ಏನು ಮಾಡಲಿ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಶರಣು.

ಎಲ್ಲಕ್ಕಿಂತ ಕೆಲಸಕ್ಕೆ ಬಂದದ್ದು ಕಣ್ಣಿಗೆ ಕಾಣುವ ಟೈಮರ್. ಕೆಂಪು ವೃತ್ತ ಕರಗುತ್ತಾ ಹೋಗುವ ಆ್ಯಪನ್ನು ಹಳೇ ಮೊಬೈಲಿಗೆ ಹಾಕಿ ಆ ಮಕ್ಕಳ ಎದುರಿಗೆ ನಿಲ್ಲಿಸಿ. ‘ಇನ್ನೈದು ನಿಮಿಷ’ ಅಂದರೆ ಅವರಿಗೆ ಅಂದಾಜು ಸಿಗುವುದಿಲ್ಲ, ಉಳಿದ ಕೆಂಪು ಕಾಣುತ್ತದೆ. 5ರಿಂದ 7 ನಿಮಿಷ ಸಾಕು. ಟೈಮರಿನ ಕೊನೆಯ ಗಂಟೆ ಸದ್ದು ಮಾತ್ರ ಬಂದ್ ಮಾಡಿ, ಇಲ್ಲದಿದ್ದರೆ ಇಡೀ ತರಗತಿ ಅತ್ತ ತಿರುಗುತ್ತದೆ.

ಪಠ್ಯಪುಸ್ತಕದ ಕ್ಯೂಆರ್ ಕೋಡ್‌ನಿಂದ ದೀಕ್ಷಾ ಆ್ಯಪಿನ (ಸರ್ಕಾರದ ಕಲಿಕೆಯ ಆ್ಯಪ್) ವಿಡಿಯೊ ಮೊದಲೇ ಇಳಿಸಿಕೊಳ್ಳುವ ಸಲಹೆಯೂ ಫಲಿಸಿತು. ನೆಟ್ ಸುತ್ತುವಾಗ ತಪ್ಪಿದ ಗಮನ ಬೇಗ ಮರಳುವುದಿಲ್ಲ. 2 ನಿಮಿಷಕ್ಕೊಮ್ಮೆ ನಿಲ್ಲಿಸಿ ಒಂದು ಪ್ರಶ್ನೆ ಕೇಳಿ, ಉತ್ತರ ಸ್ಲೇಟಿನಲ್ಲಿ ಬರೆಯಲಿ. ನೀವು ಮಾತಾಡುವಾಗ ಪರದೆ ಕಪ್ಪಗಿರಲಿ. ಪವರ್‌ಪಾಯಿಂಟ್ ಸ್ಲೈಡ್ ಶೋದಲ್ಲಿ ‘ಬಿ’ ಕೀ ಒತ್ತಿದರಾಯಿತು.

ಹೆಡ್‌ಫೋನ್ ಆಗಿಬರಲಿಲ್ಲ. ನಮ್ಮ ಸೆಕೆಗೆ ಕಿವಿ ಬೆವರುತ್ತದೆ, ವೈರೇ ಆಟಿಕೆಯಾಗುತ್ತದೆ. ವೇಗಕ್ಕೆ ಅಂಕ ಕೊಡುವ ಕ್ವಿಜ್ ಇನ್ನೂ ಕೆಟ್ಟದ್ದು, ಯೋಚಿಸದೆ ಒತ್ತುವುದನ್ನೇ ಕಲಿಸುತ್ತದೆ.

ಅಚ್ಚರಿಯ ಸಂಗತಿ: ಬಹುತೇಕ ಟಿವಿಗಳ ಸ್ಪೀಕರ್ ಕೆಳಕ್ಕೋ ಹಿಂದಕ್ಕೋ ಮುಖಮಾಡಿರುತ್ತದೆ. ಫ್ಯಾನ್ ಸದ್ದಿನಲ್ಲಿ ಮಾತು ಮುಳುಗುತ್ತದೆ. ಸಣ್ಣ ಸ್ಪೀಕರನ್ನು ಮಕ್ಕಳ ಕಿವಿಯ ಎತ್ತರಕ್ಕೆ ಇಟ್ಟ ಮೇಲೆ ಒಂದು ಮಗುವಿನ ಚಡಪಡಿಕೆ ಬಹಳ ಇಳಿಯಿತು. ಹಾಗಾಗಿ ಗಮನದ ತೊಂದರೆ ಎನ್ನುವ ಮೊದಲು ಶಾಲೆಗೆ ಬರುವ ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆ) ತಂಡದವರಿಗೆ ಮಗುವಿನ ಕಣ್ಣು, ಕಿವಿ ತೋರಿಸಿ.