ಕರಡು ತಿದ್ದುವ ಕೆಲಸಕ್ಕೆ ಟ್ಯಾಬ್ಲೆಟ್ ಒಂದೇ ಸಾಕಾಗುತ್ತದೆಯೇ?

ಸಾಗರದ ಅನುವಾದಕಿ:
ಹದಿನಾಲ್ಕು ವರ್ಷಗಳಿಂದ ಮನೆಯಲ್ಲೇ ಕುಳಿತು ಅನುವಾದ ಮಾಡುತ್ತಿದ್ದೇನೆ, ಕರಡು ತಿದ್ದುತ್ತಿದ್ದೇನೆ. ಲ್ಯಾಪ್‌ಟಾಪ್‌ನ ಎಡಗಡೆಯ ಹಿಂಜ್ ಮುರಿದಿದೆ. ಪರದೆ ಹಿಂದಕ್ಕೆ ಬೀಳದಂತೆ ಒಂದು ದಪ್ಪ ನಿಘಂಟನ್ನು ಆಸರೆ ಕೊಟ್ಟು ನಿಲ್ಲಿಸಿಕೊಂಡಿದ್ದೇನೆ. ಅದರಲ್ಲಿರುವುದು ವಿಂಡೋಸ್ 10. ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಈ ಯಂತ್ರಕ್ಕೆ ಹೊಂದುವುದಿಲ್ಲ. ಮಗಳು ಟ್ಯಾಬ್ಲೆಟ್ ಕೊಡಿಸುತ್ತೇನೆ ಎನ್ನುತ್ತಿದ್ದಾಳೆ. ಇಲ್ಲಿ ಮಳೆಗಾಲದಲ್ಲಿ ಕರೆಂಟು ಅರ್ಧ ದಿನ ಇರುವುದಿಲ್ಲವಾದ್ದರಿಂದ ನನಗೂ ಆಸೆಯಾಗಿದೆ.

ನಾನು ಕೆಲಸ ಮಾಡುವಾಗ ಎಡಕ್ಕೆ ಇಂಗ್ಲಿಷ್ ಮೂಲದ ಪಿಡಿಎಫ್, ಬಲಕ್ಕೆ ಕನ್ನಡದ ವರ್ಡ್ ಕಡತ, ಕೆಳಗೆ ನಿಘಂಟು ತೆರೆದಿರುತ್ತದೆ. ಒಂದೊಂದು ವಾಕ್ಯಕ್ಕೂ ಕಣ್ಣು ಮೂರು ಕಡೆಗೂ ಓಡಬೇಕು. ಮಗಳ ಹಳೆಯ ಟ್ಯಾಬ್ಲೆಟ್‌ನಲ್ಲಿ ಒಂದು ವಾರ ಪ್ರಯತ್ನಿಸಿದೆ. ಒಂದು ಪದದ ಅರ್ಥ ನೋಡಿ ಬರುವಷ್ಟರಲ್ಲಿ ಪಿಡಿಎಫ್ ಮತ್ತೆ ಮೊದಲನೆಯ ಪುಟಕ್ಕೆ ಹೋಗಿ ಕುಳಿತಿರುತ್ತಿತ್ತು. 212ನೆಯ ಪುಟವನ್ನು ದಿನಕ್ಕೆ ಎಷ್ಟು ಸಲ ಹುಡುಕಿದೆನೋ! ವಾಕ್ಯದ ಲಯ ಒಮ್ಮೆ ಕೈತಪ್ಪಿದರೆ ಅದನ್ನು ಮತ್ತೆ ಹಿಡಿಯುವುದು ಕಷ್ಟ. ಹೊಸ ಟ್ಯಾಬ್ಲೆಟ್‌ಗಳಲ್ಲೂ ಹೀಗೆಯೇ ಆಗುತ್ತದೆಯೇ?

ಹುಬ್ಬಳ್ಳಿಯ ತಂತ್ರಾಸಕ್ತ:
ಮೇಡಂ, ಟ್ಯಾಬ್ಲೆಟ್‌ಗಳ ಕಾರ್ಯವ್ಯವಸ್ಥೆ ಬೆಳೆದದ್ದು ಮೊಬೈಲಿನಿಂದ. ಪರದೆಯ ಮೇಲೆ ಕಾಣದ ಆ್ಯಪ್ ಅನ್ನು ಅದು ಮಲಗಿಸುತ್ತದೆ, ಮೆಮೊರಿ ಸಾಲದಿದ್ದರೆ ಪೂರ್ತಿ ಮುಚ್ಚಿಬಿಡುತ್ತದೆ. ಬ್ಯಾಟರಿ ಹೆಚ್ಚು ಹೊತ್ತು ಬರುವುದಕ್ಕೂ ಇದೊಂದು ಕಾರಣ. ಆದ್ದರಿಂದ ಕೊಳ್ಳುವಾಗ ಮೊದಲು ರ‍್ಯಾಮ್ ಎಷ್ಟಿದೆ ಎಂದು ನೋಡಿ.

ಪರಿಸ್ಥಿತಿ ಸುಧಾರಿಸಿರುವುದೂ ನಿಜ. ಐಪ್ಯಾಡ್‌ನಲ್ಲಿ ಎರಡು ಆ್ಯಪ್‌ಗಳನ್ನು ಅಕ್ಕಪಕ್ಕ ಇಡುವ ಸೌಲಭ್ಯ ಬಂದದ್ದು 2015ರಲ್ಲಿ, ಮೌಸ್‌ಗೆ ಸರಿಯಾದ ಬೆಂಬಲ ಸಿಕ್ಕಿದ್ದು 2020ರಲ್ಲಿ. 2025ರ ಐಪ್ಯಾಡ್‌ಓಎಸ್ 26ರಲ್ಲಿ ಕಿಟಕಿಗಳನ್ನು ಕಂಪ್ಯೂಟರಿನಂತೆಯೇ ಎಳೆದು, ಹಿಗ್ಗಿಸಿ, ಕುಗ್ಗಿಸಿ ಇಟ್ಟುಕೊಳ್ಳಬಹುದು. ಸ್ಯಾಮ್‌ಸಂಗ್‌ನ ದುಬಾರಿ ಟ್ಯಾಬ್ಲೆಟ್‌ಗಳಲ್ಲಿ ಪರದೆಯನ್ನು ಹೀಗೆಯೇ ಕಂಪ್ಯೂಟರಿನಂತೆ ಬಳಸಲು ಬಿಡುವ ಡೆಕ್ಸ್ ಎಂಬ ವ್ಯವಸ್ಥೆ 2018ರಿಂದಲೇ ಇದೆ. ಮೂರು ಕಿಟಕಿ ತೆರೆಯುತ್ತವೆ, ಆದರೆ 11 ಇಂಚಿನಲ್ಲಿ ಅಕ್ಷರ ಸಣ್ಣದಾಗಿ ಕಣ್ಣು ಸೋಲುತ್ತದೆ. 13 ಇಂಚಿನದು ಮತ್ತು ಪ್ರತ್ಯೇಕ ಕೀಲಿಮಣೆ ಕೊಂಡರೆ ಲ್ಯಾಪ್‌ಟಾಪ್‌ನ ಬೆಲೆಯನ್ನೇ ಮುಟ್ಟುತ್ತೀರಿ. ದೊಡ್ಡ ಪರದೆಯ ಟ್ಯಾಬ್ಲೆಟ್‌ನಲ್ಲಿ ವರ್ಡ್ ಕಡತ ತಿದ್ದಲು ಚಂದಾ ಬೇರೆ ಕಟ್ಟಬೇಕಾಗುತ್ತದೆ.

ಮೈಸೂರಿನ ಪುಟವಿನ್ಯಾಸಕ:
ಕಿಟಕಿಗಳ ವಿಷಯ ಆಮೇಲೆ ನೋಡೋಣ. ನಿಮಗೆ ಮುದ್ರಣಾಲಯದಿಂದ ಬರುವ ಕಡತ ಈಗಿನ ಎಲ್ಲ ಯಂತ್ರಗಳೂ ಓದುವ ಯೂನಿಕೋಡ್‌ನಲ್ಲಿದೆಯೇ, ಹಳೆಯ ನುಡಿ ಫಾಂಟ್‌ನಲ್ಲಿದೆಯೇ? ಆ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿರುತ್ತವೆ. ಫಾಂಟ್ ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ಪುಟದ ತುಂಬ ಅರ್ಥವಿಲ್ಲದ ರೋಮನ್ ಅಕ್ಷರಗಳು. ಅದನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕ ತಂತ್ರಾಂಶ ಬಳಸಬಹುದು, ಆದರೆ ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಇರುವ ಪದಗಳನ್ನೆಲ್ಲ ಇನ್ನೊಮ್ಮೆ ನೋಡಬೇಕು. ತಿದ್ದಿ ವಾಪಸು ಕಳುಹಿಸುವಾಗ ಮತ್ತೆ ಹಳೆಯ ರೂಪಕ್ಕೆ ತರಬೇಕು, ಮತ್ತೆ ನೋಡಬೇಕು. ಕರಡು ತಿದ್ದುವವರೇ ಹೊಸ ತಪ್ಪುಗಳನ್ನು ಸೇರಿಸಿದಂತಾಗುತ್ತದೆ. ನಾನು ಕಳೆದ ವರ್ಷ ಒಂದು ಕವನ ಸಂಕಲನದಲ್ಲಿ ಇದನ್ನು ಅನುಭವಿಸಿದ್ದೇನೆ. ದಯವಿಟ್ಟು ಲ್ಯಾಪ್‌ಟಾಪ್ ಬಿಡಬೇಡಿ.

ಮಂಗಳೂರಿನ ಉಪನ್ಯಾಸಕಿ:
ಪಿಡಿಎಫ್ ರೂಪದ ಕರಡಿಗೆ ಟ್ಯಾಬ್ಲೆಟ್ ಬಹಳ ಚೆನ್ನ. ಪೆನ್ನಿನಿಂದ ಪರದೆಯ ಮೇಲೇ ಕಾಗುಣಿತ ತಿದ್ದಿ, ಅಂಚಿನಲ್ಲಿ ಟಿಪ್ಪಣಿ ಬರೆಯುತ್ತೇನೆ. ನನ್ನ ವಿದ್ಯಾರ್ಥಿಗಳ ಪ್ರಬಂಧಗಳನ್ನು ಹೀಗೆಯೇ ನೋಡುತ್ತೇನೆ. ಉದ್ದದ ಬರವಣಿಗೆಗೆ ಮಾತ್ರ ಕಂಪ್ಯೂಟರಿನ ಮುಂದೆಯೇ ಕೂರುತ್ತೇನೆ. ಟ್ಯಾಬ್ಲೆಟ್‌ನ ಆಕಾರವೇ ಬೇಕೆಂದರೆ, ವಿಂಡೋಸ್ ಇರುವ, ಕೀಲಿಮಣೆ ಕಳಚಬಹುದಾದ ಯಂತ್ರಗಳೂ ಸಿಗುತ್ತವೆ.

ಸಾಗರದ ಅನುವಾದಕಿ:
ಎಲ್ಲರಿಗೂ ಧನ್ಯವಾದ. ಮೈಸೂರಿನವರ ಮಾತು ಓದಿ ಕೂಡಲೇ ಹಿಂದಿನ ಆರು ತಿಂಗಳ ಕಡತಗಳನ್ನು ತೆರೆದು ನೋಡಿದೆ. ಹನ್ನೊಂದರಲ್ಲಿ ಏಳು ಹಳೆಯ ನುಡಿಯಲ್ಲಿವೆ! ಇಷ್ಟು ವರ್ಷ ಅದನ್ನು ಗಮನಿಸಿಯೇ ಇರಲಿಲ್ಲ. ಅಂತಿಮ ಕರಡುಗಳು ಮಾತ್ರ ಪಿಡಿಎಫ್‌ನಲ್ಲಿ ಬರುತ್ತವೆ. ಮಗಳಿಗೆ ಫೋನ್ ಮಾಡಿ, ಟ್ಯಾಬ್ಲೆಟ್ ಸದ್ಯಕ್ಕೆ ಬೇಡ, ವಿಂಡೋಸ್ 11 ಇರುವ ಲ್ಯಾಪ್‌ಟಾಪ್ ನೋಡು ಎಂದೆ. ಅವಳ ಹಳೆಯ ಟ್ಯಾಬ್ಲೆಟ್ ನನ್ನ ಬಳಿಯೇ ಇರಲಿ. ಅದಕ್ಕೆ ಹೊಂದುವ ಪೆನ್ನು ಯಾವುದು ಎಂದು ಮಂಗಳೂರಿನವರು ತಿಳಿಸಿದರೆ ಉಪಕಾರವಾಗುತ್ತದೆ. ಮುಂದಿನ ವಾರ 180 ಪುಟಗಳ ಅಂತಿಮ ಕರಡು ಬರುವುದಿದೆ.