22 ತಿಂಗಳ ಮಗುವಿನ ಜತೆ ಥೀಮ್ ಪಾರ್ಕ್: ದಿನವನ್ನು ಹೇಗೆ ಜೋಡಿಸಬೇಕು?

ಪ್ರಶ್ನೆ: ಮಗಳಿಗೆ 22 ತಿಂಗಳು, ಎತ್ತರ 84 ಸೆಂ.ಮೀ. ದಿನಾ ಮಧ್ಯಾಹ್ನ ಒಂದಕ್ಕೆ ಮಲಗಿ ಮೂರಕ್ಕೆ ಏಳುತ್ತಾಳೆ. ನಾವಿಬ್ಬರು, ಅತ್ತೆಯವರು, ಅವಳು ಸೇರಿ ಒಂದು ದಿನಕ್ಕೆ ಹೋಗುವವರಿದ್ದೇವೆ. ನೀರಾಟದ ಜಾಗವೂ ಇದೆ. ಅವಳು ಯಾವ ರೈಡ್ ಹತ್ತಬಹುದು, ಏನು ಒಯ್ಯಬೇಕು, ಎಲ್ಲಿ ಎಡವಟ್ಟಾಗುತ್ತದೆ? ತಿಳಿದವರು ಹೇಳಿ.

ಉತ್ತರ:
ಮೊದಲು ನಿದ್ದೆಯ ಹೊತ್ತನ್ನು ಗುರುತು ಹಾಕಿಕೊಳ್ಳಿ, ರೈಡ್‌ಗಳನ್ನು ಅದರ ಸುತ್ತ ಜೋಡಿಸಿ. ಒಂದಕ್ಕೆ ಮಲಗುವ ಮಗು ಹನ್ನೆರಡೂವರೆಗೇ ಕಣ್ಣುಜ್ಜಲು ಶುರುಮಾಡುತ್ತದೆ. ಹಾಗಾಗಿ ಟಿಕೆಟ್ ಮುಂಚೆಯೇ ತೆಗೆದಿಟ್ಟು, ಗೇಟು ತೆರೆಯುವ ಅರ್ಧ ಗಂಟೆ ಮೊದಲು ಅಲ್ಲಿರಿ. ಮೊದಲ ಎರಡು ಗಂಟೆ ಸಾಲು ಚಿಕ್ಕದು, ಬಿಸಿಲು ಎಳೆಯದು, ಮಗುವೂ ಗೆಲುವಾಗಿರುತ್ತದೆ. ಅಷ್ಟರೊಳಗೆ ಮೂರು ನಾಲ್ಕು ರೈಡ್ ಆದರೆ ಧಾರಾಳವಾಯಿತು. ಊಟ ಹನ್ನೊಂದೂವರೆಗೇ ಮುಗಿಸಿ. ಎಲ್ಲರೂ ಊಟಕ್ಕೆ ಬರುವ ಹೊತ್ತಿಗೆ ಹೋದರೆ ಸಾಲಿನಲ್ಲೇ ಮಗು ಹಸಿವಿನಿಂದ ಅಳುತ್ತದೆ, ನಿದ್ದೆಯೂ ಕೆಡುತ್ತದೆ.

ಮಲಗಿಸುವ ಜಾಗವನ್ನು ಹಿಂದಿನ ದಿನವೇ ನಕ್ಷೆಯಲ್ಲಿ ಹುಡುಕಿಡಿ: ನೆರಳಿರಬೇಕು, ಸ್ಪೀಕರ್ ಹತ್ತಿರ ಇರಬಾರದು. ಪಾರ್ಕಿನಲ್ಲಿ ಬಾಡಿಗೆಗೆ ಸಿಗುವ ಸ್ಟ್ರಾಲರ್‌ಗಳಲ್ಲಿ ಬೆನ್ನು ಒರಗದ ಗಟ್ಟಿ ಪ್ಲಾಸ್ಟಿಕ್ಕಿನವೇ ಹೆಚ್ಚು. ನಿದ್ದೆ ಬೇಕೆಂದರೆ ನಿಮ್ಮದನ್ನೇ ಒಯ್ಯಿರಿ. ಬಿಸಿಲಿಗೆಂದು ಅದರ ಮೇಲೆ ಬಟ್ಟೆ ಹೊದಿಸಬೇಡಿ. ತೆಳು ಬಟ್ಟೆಯಾದರೂ ಗಾಳಿಯಾಡದೆ ಒಳಗೆ ಸೆಕೆ ಬೇಗ ಏರುತ್ತದೆ. ಅದರ ಹಿಡಿಕೆಗೆ ಭಾರದ ಚೀಲವನ್ನೂ ತೂಗುಹಾಕಬೇಡಿ. ಮಗುವನ್ನು ಎತ್ತಿದ ಕ್ಷಣ ಗಾಡಿ ಹಿಂದಕ್ಕೆ ಮಗುಚುತ್ತದೆ.

ಉತ್ತರ:
ಎತ್ತರದ ವಿಷಯ. ಮಿತಿ ಪಾರ್ಕಿನಿಂದ ಪಾರ್ಕಿಗೆ ಬೇರೆ, ಆದರೆ 84 ಸೆಂ.ಮೀ.ಗೆ ದೊಡ್ಡ ರೈಡ್‌ಗಳ ಆಸೆ ಬಿಡಿ. ತಿರುಗುವ ಕುದುರೆ, ಪುಟಾಣಿ ರೈಲು, ನಿಧಾನದ ದೋಣಿ, ಇಂಥವು ಸಿಗುತ್ತವೆ. ವೆಬ್‌ಸೈಟಿನಲ್ಲಿ ಪ್ರತಿ ರೈಡಿಗೂ ಎರಡು ಸಂಗತಿ ನೋಡಿ: ಕನಿಷ್ಠ ಎತ್ತರ ಎಷ್ಟು, ಮಗುವನ್ನು ಮಡಿಲಲ್ಲಿ ಕೂರಿಸಿಕೊಳ್ಳಲು ಬಿಡುತ್ತಾರೋ ಇಲ್ಲವೋ. ಎರಡು ಸೆಂ.ಮೀ. ಕಮ್ಮಿಯಿದೆಯೆಂದು ದಪ್ಪ ಅಟ್ಟೆಯ ಶೂ ಹಾಕಿ ಒಳಗೆ ಬಿಡಿಸುವ ಕೆಲಸ ದಯವಿಟ್ಟು ಬೇಡ. ಸೀಟಿನ ಸುರಕ್ಷತೆಯ ಅಡ್ಡಪಟ್ಟಿ ದೊಡ್ಡವರ ತೊಡೆಗೆ ಬಂದು ನಿಂತುಬಿಡುತ್ತದೆ, ಪಕ್ಕದ ಚಿಕ್ಕ ಮೈ ಅದರಡಿಯಲ್ಲಿ ಜಾರಬಹುದು. ಮಿತಿ ಇಟ್ಟಿರುವುದೇ ಅದಕ್ಕೆ.

ದೊಡ್ಡ ರೈಡ್ ನಿಮಗೆ ಬೇಕಿದ್ದರೆ ಸರದಿ ಬದಲಾವಣೆ ಇದೆಯೇ ಎಂದು ಸಾಲು ಸೇರುವ ಮುಂಚೆ ಸಿಬ್ಬಂದಿಯನ್ನು ಕೇಳಿ. ಒಬ್ಬರು ಹೋಗಿ ಬರುವವರೆಗೆ ಇನ್ನೊಬ್ಬರು ಮಗುವಿನ ಜತೆ ಇರುತ್ತಾರೆ, ಆಮೇಲೆ ಅವರು ಮತ್ತೆ ಸಾಲು ನಿಲ್ಲದೆ ಹತ್ತಬಹುದು. ನಿಮ್ಮ ಅತ್ತೆಯವರು ಇರುವುದರಿಂದ ಮಗು ಮಲಗಿದಾಗ ಇಬ್ಬರೂ ಒಟ್ಟಿಗೇ ಒಂದು ರೈಡ್ ಮುಗಿಸಬಹುದು. ಆದರೆ ಅಷ್ಟರಲ್ಲಿ ಎದ್ದರೆ ಸಂಭಾಳಿಸಲು ಹಾಲು, ಇಷ್ಟದ ಗೊಂಬೆ ಅವರ ಕೈಲಿರಲಿ.

ಉತ್ತರ:
ನೀರಾಟವನ್ನು ನಿದ್ದೆಯ ನಂತರಕ್ಕೆ ಇಡಿ. ಸಾಮಾನ್ಯ ಡೈಪರ್ ನೀರು ಕುಡಿದು ಊದಿ ಜೋತುಬೀಳುತ್ತದೆ, ಈಜಿನ ಡೈಪರೇ ಬೇಕು, ಮೂರಾದರೂ ಇರಲಿ. ಅದು ಮಲವನ್ನು ಒಂದಿಷ್ಟು ತಡೆಯುತ್ತದೆಯೇ ಹೊರತು ಮೂತ್ರವನ್ನಲ್ಲ. ಹಾಗಾಗಿ ನೀರಿಗಿಳಿಯುವ ಮುಂಚೆಯಷ್ಟೇ ತೊಡಿಸಿ. ಮಗುವಿಗೆ ಭೇದಿಯಾಗುತ್ತಿದ್ದರೆ ನೀರಿಗೆ ಇಳಿಸಲೇಬೇಡಿ, ಕೆಲವು ರೋಗಾಣು ಕ್ಲೋರಿನ್ ಇದ್ದರೂ ದಿನಗಟ್ಟಲೆ ಬದುಕುತ್ತವೆ. 15-20 ನಿಮಿಷಕ್ಕೊಮ್ಮೆ ಹೊರಗೆ ಕರೆದು ಮೈ ಒರೆಸಿ. ಪುಟ್ಟ ಮೈ ಬೇಗ ತಣಿಯುತ್ತದೆ, ತುಟಿ ನೀಲಿಯಾದರೆ ಅಲ್ಲಿಗೆ ಆಟ ಸಾಕು. ಪಾದ ಮುಳುಗುವಷ್ಟೇ ನೀರಿದ್ದರೂ ದೊಡ್ಡವರೊಬ್ಬರು ಕೈಗೆಟಕುವಷ್ಟು ಹತ್ತಿರ ಇರಬೇಕು, ಮೊಬೈಲ್ ಚೀಲದಲ್ಲಿರಬೇಕು.

ಸನ್‌ಸ್ಕ್ರೀನ್ ಎಸ್‌ಪಿಎಫ್ 30 ಅಥವಾ ಹೆಚ್ಚಿನದು, ಎರಡು ಗಂಟೆಗೊಮ್ಮೆ, ನೀರಿನಿಂದ ಬಂದು ಒರೆಸಿದ ಮೇಲೆ ಮತ್ತೊಮ್ಮೆ.

ಉತ್ತರ:
ಚೀಲಕ್ಕೆ: ಗಂಟೆಗೊಂದರಂತೆ ಬೇಡ, ಎರಡು ಗಂಟೆಗೊಂದು ಡೈಪರ್ ಲೆಕ್ಕ ಹಾಕಿ ಎರಡು ಹೆಚ್ಚಿಗೆ. ಎರಡು ಜತೆ ಬಟ್ಟೆ, ಒದ್ದೆ ಬಟ್ಟೆಗೆ ಪ್ಲಾಸ್ಟಿಕ್ ಚೀಲ, ಅಂಚಗಲದ ಟೋಪಿ. ನೀರು ಅರ್ಧ ಗಂಟೆಗೊಮ್ಮೆ ನಾಲ್ಕು ಗುಟುಕು, ಕೇಳದಿದ್ದರೂ ಕುಡಿಸಿ. ಸಂಜೆ ಪಟಾಕಿ ಪ್ರದರ್ಶನವಿದ್ದರೆ ಕಿವಿ ಪೂರ್ತಿ ಮುಚ್ಚುವ ಮಕ್ಕಳ ಇಯರ್‌ಮಫ್ ಒಯ್ಯಿರಿ. ಕಿವಿಯೊಳಗೆ ತುರುಕುವ ಬಿರಡೆ ಈ ವಯಸ್ಸಿಗೆ ಬೇಡ, ಕಿತ್ತು ಬಾಯಿಗೆ ಹಾಕಿಕೊಂಡರೆ ಗಂಟಲಿಗೆ ಸಿಕ್ಕೀತು.

ಉತ್ತರ:
ಮಗು ಜನರ ನಡುವೆ ತಪ್ಪಿಸಿಕೊಳ್ಳುವ ವಿಷಯ ಯಾರೂ ಹೇಳಲಿಲ್ಲ. ಬೆಳಗ್ಗೆ ಗೇಟಿನಲ್ಲೇ ಮಗುವಿನ ನಿಂತ ಫೋಟೋ ತೆಗೆದುಕೊಳ್ಳಿ, ಬಟ್ಟೆ ಚಪ್ಪಲಿ ಎಲ್ಲ ಕಾಣುವಂತೆ. ನಿಮ್ಮ ಮೊಬೈಲ್ ಸಂಖ್ಯೆಯನ್ನು ಕೈಪಟ್ಟಿಯಲ್ಲಿ ಬರೆದು ಕಟ್ಟಿ. ಹೆಸರು ಹೊರಗೆ ಕಾಣುವಂತೆ ಬರೆಯಬೇಡಿ, ಅಪರಿಚಿತರು ಹೆಸರು ಹಿಡಿದು ಕರೆದರೆ ಮಗು ಹೋಗಿಬಿಡುತ್ತದೆ. ಅಕಸ್ಮಾತ್ ಕಾಣದಾದರೆ ಒಬ್ಬರು ಅದೇ ಜಾಗದಲ್ಲಿ ನಿಲ್ಲಿ, ಒಬ್ಬರು ನೀರಿರುವ ಕಡೆ ಓಡಿ, ಇನ್ನೊಬ್ಬರು ಹತ್ತಿರದ ಸಿಬ್ಬಂದಿಗೆ ಫೋಟೋ ತೋರಿಸಿ. ಬರೀ ಹೆಸರು ಕೂಗಬೇಡಿ. "ಹಳದಿ ಅಂಗಿ, ಎರಡು ವರ್ಷದ ಹುಡುಗಿ" ಎಂದು ಕೂಗಿ. ಆಗ ಸುತ್ತಲಿನವರೂ ಹುಡುಕುತ್ತಾರೆ.