2,500 ರೂಪಾಯಿಗೆ ಮೆಕ್ಯಾನಿಕಲ್ ಕೀಬೋರ್ಡ್: ನುಡಿಯಲ್ಲಿ ಟೈಪ್ ಮಾಡುವವರಿಗೆ ಯಾವುದು ಸರಿ?

ಕೇಳಿದವರು: ಎಸ್.ಎಸ್. ಪುರಂ, ತುಮಕೂರು

ಎಲ್ಲರಿಗೂ ನಮಸ್ಕಾರ. ಮನೆಯಲ್ಲೇ ಕೂತು ಕನ್ನಡ ಡಿಟಿಪಿ ಮಾಡುತ್ತೇನೆ. ಪುಸ್ತಕದ ಕರಡು, ಲಗ್ನಪತ್ರಿಕೆ, ಸಹಕಾರ ಸಂಘದ ವರದಿ, ಬಂದದ್ದೆಲ್ಲ. ನುಡಿ ತಂತ್ರಾಂಶ, ಕೆ.ಪಿ. ರಾವ್ ಕೀಲಿಮಣೆ. ಈಗಿರುವ ಮಾಮೂಲಿ ಕೀಬೋರ್ಡಿನಲ್ಲಿ ಒತ್ತಕ್ಷರಕ್ಕೆ ಬೇಕಾದ ಎಫ್ ಕೀ ಗಟ್ಟಿಯಾಗಿ ಒತ್ತಿದರೆ ಮಾತ್ರ ಬೀಳುತ್ತದೆ. ಸಂಜೆ ಹೊತ್ತಿಗೆ ಬೆರಳು ನೋಯುತ್ತದೆ. ಪ್ರತಿ ಕೀಯ ಅಡಿಗೂ ಬೇರೆ ಬೇರೆ ಸ್ವಿಚ್ ಇರುವ ಮೆಕ್ಯಾನಿಕಲ್ ತೆಗೆದುಕೊಳ್ಳೋಣ ಅಂದುಕೊಂಡಿದ್ದೇನೆ, 2,500 ದಾಟುವ ಹಾಗಿಲ್ಲ. ಅದೇ ರೂಮಿನಲ್ಲಿ ತಂಗಿ ಪರೀಕ್ಷೆಗೆ ಓದುತ್ತಾಳೆ, ಹಾಗಾಗಿ ಸದ್ದು ಕಮ್ಮಿ ಇರಬೇಕು. 68 ಕೀಗಳ ಚಿಕ್ಕದೊಂದು ಇಷ್ಟವಾಗಿದೆ, ಟೇಬಲ್ ಮೇಲೆ ಜಾಗ ಉಳಿಯುತ್ತದೆ. ಬಳಸಿದವರು ನಿಮ್ಮ ಅನುಭವ ಹೇಳಿ.

ಉತ್ತರ: ಅಶೋಕ ರಸ್ತೆಯಲ್ಲಿ ಡಿಟಿಪಿ ಅಂಗಡಿ ಇಟ್ಟುಕೊಂಡವರು

ಮೊದಲೇ ಹೇಳಿಬಿಡುತ್ತೇನೆ, 68 ಕೀಗಳದ್ದು ಬೇಡ. ಅದು ಕೆಟ್ಟದ್ದು ಅಂತಲ್ಲ, ನಿಮ್ಮ ಕೆಲಸಕ್ಕೆ ಒಗ್ಗುವುದಿಲ್ಲ. ನುಡಿಯಲ್ಲಿ ಕನ್ನಡದಿಂದ ಇಂಗ್ಲಿಷಿಗೆ ಹೋಗುವುದು, ವಾಪಸ್ ಬರುವುದು ಎರಡೂ ಸ್ಕ್ರೋಲ್ ಲಾಕ್ ಒತ್ತಿ ಅಲ್ವಾ? 68ರಲ್ಲಿ ಆ ಕೀ ಇರುವುದೇ ಇಲ್ಲ. ಮೇಲಿನ ಎಫ್1ರಿಂದ ಎಫ್12ರ ಸಾಲೂ ಇಲ್ಲ. ಕೆಲವು ಮಾಡೆಲ್‌ಗಳಲ್ಲಿ ಎಫ್‌ಎನ್ ಜೊತೆ ಇನ್ನೊಂದು ಕೀ ಸೇರಿಸಿ ಒತ್ತಿದರೆ ಸ್ಕ್ರೋಲ್ ಲಾಕ್ ಸಿಗುತ್ತದೆ, ಕೆಲವುಗಳಲ್ಲಿ ಅದೂ ಇಲ್ಲ. ವಿಂಡೋಸ್‌ನ ಆನ್‌ಸ್ಕ್ರೀನ್ ಕೀಬೋರ್ಡ್ ತೆರೆದು ಮೌಸ್‌ನಲ್ಲಿ ಒತ್ತಬಹುದು. ಆದರೆ ಲಗ್ನಪತ್ರಿಕೆ ಕೂರಿಸುವಾಗ ವರನ ಹೆಸರು ಕನ್ನಡದಲ್ಲಿ, ಪಕ್ಕದಲ್ಲಿ ಡಿಗ್ರಿ ಇಂಗ್ಲಿಷಿನಲ್ಲಿ, ಕೆಳಗೆ ಮತ್ತೆ ಕನ್ನಡ, ಹೀಗೆ ಸಾಲು ಸಾಲಿಗೂ ಬದಲಾಯಿಸಬೇಕು. ಪ್ರತಿ ಸಲ ಮೌಸ್ ಹಿಡಿದರೆ ಕೆಲಸ ಮುಗಿಯುವುದು ಯಾವಾಗ?

ಇನ್ನೊಂದು ವಿಷಯವನ್ನು ಯಾರೂ ಹೇಳುವುದಿಲ್ಲ. ಚಿಕ್ಕ ಕೀಬೋರ್ಡುಗಳಲ್ಲಿ ಬಾಣದ ಗುರುತಿನ ಕೀಗಳಿಗೆ ಜಾಗ ಮಾಡಲು ಬಲಗಡೆಯ ಶಿಫ್ಟ್ ಅನ್ನು ಮೊಟಕು ಮಾಡಿರುತ್ತಾರೆ. ಇಂಗ್ಲಿಷಿನವರಿಗೆ ಅದು ದೊಡ್ಡ ತೊಂದರೆಯಲ್ಲ. ನಮಗೆ ತೊಂದರೆ. ನೀವೇ ‘ವಿದ್ಯಾರ್ಥಿ’ ಅಂತ ಹೊಡೆದು ನೋಡಿ. ವಿ, ಐ, ಡಿ, ಎಫ್, ವೈ, ಶಿಫ್ಟ್ ಹಿಡಿದು ಎ, ಆರ್, ಎಫ್, ಶಿಫ್ಟ್ ಹಿಡಿದು ಟಿ, ಆಮೇಲೆ ಐ. ಒಂದೇ ಪದಕ್ಕೆ ಎರಡು ಸಲ ಎಫ್, ಎರಡು ಸಲ ಶಿಫ್ಟ್. ಎ ಮತ್ತು ಟಿ ಎರಡೂ ಎಡಗೈ ಕೀಗಳು, ಹಾಗಾಗಿ ಶಿಫ್ಟ್ ಹಿಡಿಯುವುದು ಬಲಗೈ ಕಿರುಬೆರಳು. ದೀರ್ಘದ ಆ, ಏ, ಮಹಾಪ್ರಾಣದ ಥ, ಧ, ಜೊತೆಗೆ ಶ, ಇವೆಲ್ಲ ಬಲಗಡೆ ಶಿಫ್ಟ್ ಮೇಲೇ ನಿಂತಿವೆ. ಆ ಕೀ ಗಿಡ್ಡವಾದರೆ ಕಿರುಬೆರಳು ಪಕ್ಕದ ಮೇಲ್ಬಾಣದ ಮೇಲೆ ಬೀಳುತ್ತದೆ. ಕರ್ಸರ್ ಮೇಲಿನ ಸಾಲಿಗೆ ಹೋಗಿ ಅಲ್ಲಿ ಅಕ್ಷರ ತುಂಬುತ್ತದೆ. ಕರಡು ತಿದ್ದುವವರಿಗೆ ಇದಕ್ಕಿಂತ ದೊಡ್ಡ ಕಾಟ ಬೇರೆ ಇಲ್ಲ.

ಹಾಗಾಗಿ ನೀವು ನೋಡಬೇಕಾದದ್ದು 87 ಕೀಗಳದ್ದು. ಟಿಕೆಎಲ್ ಅನ್ನುತ್ತಾರೆ. ಬಲಗಡೆಯ ನಂಬರ್ ಪ್ಯಾಡ್ ಮಾತ್ರ ಇರುವುದಿಲ್ಲ, ಮಿಕ್ಕಿದ್ದೆಲ್ಲ ತಮ್ಮ ತಮ್ಮ ಜಾಗದಲ್ಲೇ ಇರುತ್ತವೆ. ಸ್ಕ್ರೋಲ್ ಲಾಕ್ ಇರುತ್ತದೆ, ಬಲಗಡೆ ಶಿಫ್ಟ್ ಪೂರ್ತಿ ಉದ್ದ ಇರುತ್ತದೆ. 104 ಕೀಗಳದ್ದಕ್ಕೆ ಹೋಲಿಸಿದರೆ ಟೇಬಲ್ ಮೇಲೆ ಮೌಸ್‌ಗೆ ಚೆನ್ನಾಗಿಯೇ ಜಾಗ ಉಳಿಯುತ್ತದೆ. ರೆಡ್‌ರಾಗನ್ ಕೆ552, ಕಾಸ್ಮಿಕ್ ಬೈಟ್‌ನ ಫೈರ್‌ಫ್ಲೈ ಈ ಅಳತೆಯವು. ಬೆಲೆ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ದಸರಾ, ದೀಪಾವಳಿ ಆಫರ್ ಹೊತ್ತಿಗೆ ಕಾದು ಕೂತರೆ ನಿಮ್ಮ ದುಡ್ಡಿಗೆ ಸಿಗುವ ಸಾಧ್ಯತೆ ಜಾಸ್ತಿ.

ಈಗ ಸ್ವಿಚ್ ವಿಷಯ. ಬಣ್ಣಗಳ ಹೆಸರು ಜರ್ಮನಿಯ ಚೆರ್ರಿ ಕಂಪನಿಯಿಂದ ಬಂದದ್ದು. ಈಗ ಔಟೆಮು, ಕೈಲ್, ಗೇಟೆರಾನ್ ಅಂತ ಚೀನಾದ ಕಂಪನಿಗಳೂ ಅದೇ ಬಣ್ಣದ ಲೆಕ್ಕ ಇಟ್ಟುಕೊಂಡಿವೆ. ನೀಲಿ ಅಂದರೆ ಒತ್ತಿದಾಗಲೆಲ್ಲ ಟಿಕ್ ಅಂತ ಸದ್ದು. ಕೆಂಪು ಅಂದರೆ ಎಲ್ಲೂ ತಡೆಯದೆ ಸಲೀಸಾಗಿ ಕೆಳಗಿಳಿಯುತ್ತದೆ. ಕಂದು ಅಂದರೆ ಮಧ್ಯೆ ಒಂದು ಸಣ್ಣ ತಡೆ ಬೆರಳಿಗೆ ತಿಳಿಯುತ್ತದೆ, ಟಿಕ್ ಸದ್ದು ಇರುವುದಿಲ್ಲ. ಚೆರ್ರಿಯ ಲೆಕ್ಕದಲ್ಲಿ ಕೆಂಪಿಗೆ ಸುಮಾರು 45 ಗ್ರಾಂ ಒತ್ತಡ ಸಾಕು, ಕಂದಿಗೆ 55, ನೀಲಿಗೆ 60. ತಂಗಿ ಓದುವ ರೂಮಿನಲ್ಲಿ ನೀಲಿಯ ಯೋಚನೆಯನ್ನೇ ಬಿಡಿ. ಬೆರಳು ನೋವು ಇರುವುದರಿಂದ ಕೆಂಪು ಅಥವಾ ಕಂದು. ನನ್ನ ಓಟು ಕಂದಿಗೆ.

ಯಾಕೆ ಅಂತ ಹೇಳುತ್ತೇನೆ. ಮಾಮೂಲಿ ಮೆಂಬ್ರೇನ್ ಕೀಬೋರ್ಡಿನಲ್ಲಿ ರಬ್ಬರ್ ಗುಬ್ಬಿ ಪೂರ್ತಿ ಕುಸಿದು ತಳ ಮುಟ್ಟಿದ ಮೇಲೇ ಅಕ್ಷರ ಬೀಳುವುದು. ರಬ್ಬರ್ ಹಳೆಯದಾದಷ್ಟೂ ಜಾಸ್ತಿ ಗುದ್ದಬೇಕು. ನಿಮ್ಮ ಎಫ್ ಕೀಗೆ ಆಗಿರುವುದು ಅದೇ. ಮೆಕ್ಯಾನಿಕಲ್‌ನಲ್ಲಿ ಕೀ ಒಟ್ಟು 4 ಮಿಲಿಮೀಟರ್ ಇಳಿಯುತ್ತದೆ, ಅಕ್ಷರ ಬೀಳುವುದು ಸುಮಾರು 2 ಮಿಲಿಮೀಟರ್‌ಗೇ. ಕಂದು ಸ್ವಿಚ್‌ನ ತಡೆ ಸಿಕ್ಕಿದ ಕೂಡಲೇ ‘ಬಿತ್ತು’ ಅಂತ ಬೆರಳಿಗೆ ಗೊತ್ತಾಗುತ್ತದೆ. ತಳಕ್ಕೆ ಗುದ್ದುವ ಅಭ್ಯಾಸ ನಿಧಾನಕ್ಕೆ ಬಿಟ್ಟುಹೋಗುತ್ತದೆ. ನೋವು ಕಮ್ಮಿಯಾಗುವುದು ಇದರಿಂದಲೇ, ಸದ್ದು ಇಳಿಯುವುದೂ ಇದರಿಂದಲೇ. ನಮ್ಮ ಅಂಗಡಿಯಲ್ಲಿ ಟೈಪ್‌ರೈಟರ್ ಮೇಲೆ ಕಲಿತ ಹಿರಿಯರೊಬ್ಬರಿದ್ದಾರೆ. ಅವರು ಮೊದಮೊದಲು ಕಂದು ಸ್ವಿಚ್ಚನ್ನೂ ಬಡಿದೇ ಹೊಡೆಯುತ್ತಿದ್ದರು. ಬರಬರುತ್ತಾ ಅವರ ಕೈ ಹಗುರಾಯಿತು.

ಒಂದು ಎಚ್ಚರಿಕೆ. ‘ಮೆಕ್ಯಾನಿಕಲ್ ಫೀಲ್’, ‘ಸೆಮಿ ಮೆಕ್ಯಾನಿಕಲ್’ ಅಂತ ಬರೆದಿದ್ದರೆ ಅದರೊಳಗೆ ಇರುವುದು ರಬ್ಬರೇ. ಸ್ವಿಚ್‌ನ ಹೆಸರು, ಬಣ್ಣ ಎರಡನ್ನೂ ಸ್ಪಷ್ಟವಾಗಿ ಬರೆದಿರುವುದನ್ನು ಮಾತ್ರ ತೆಗೆದುಕೊಳ್ಳಿ. ಬಣ್ಣ ಬಣ್ಣದ ದೀಪ ನೋಡಿ ಮರುಳಾಗಬೇಡಿ. ದೀಪ ಮೆಂಬ್ರೇನ್‌ನಲ್ಲೂ ಇರುತ್ತದೆ.

ಉತ್ತರ: ಬಟವಾಡಿಯಲ್ಲಿ ರೂಮು ಮಾಡಿಕೊಂಡಿರುವ ಎಂಜಿನಿಯರಿಂಗ್ ವಿದ್ಯಾರ್ಥಿ

ಮೇಲಿನವರು ಹೇಳಿದ್ದಕ್ಕೆ ಒಂದೇ ಮಾತು ಸೇರಿಸುತ್ತೇನೆ: ಹಾಟ್‌ಸ್ವಾಪ್ ಇರುವುದನ್ನೇ ನೋಡಿ. ಅಂದರೆ ಬೆಸುಗೆ ಬಿಚ್ಚದೆ ಸ್ವಿಚ್ ಕಿತ್ತು ಬೇರೆಯದು ಹಾಕಬಹುದು. ಕಮ್ಮಿ ಬೆಲೆಯ ಮೆಕ್ಯಾನಿಕಲ್‌ಗಳಿಗೆ ಬರುವ ದೊಡ್ಡ ರೋಗ ಅಂದರೆ, ಒಂದು ಸಲ ಒತ್ತಿದರೆ ಅಕ್ಷರ ಎರಡು ಸಲ ಬೀಳುವುದು. ಸ್ವಿಚ್ಚಿನೊಳಗಿನ ಲೋಹದ ತಗಡಿಗೆ ಧೂಳು ಹಿಡಿದರೆ, ಇಲ್ಲವೇ ಅದು ಸವೆದರೆ ಹೀಗಾಗುತ್ತದೆ. ನಮ್ಮ ರೂಮು ರಸ್ತೆ ಕಡೆಗೇ ಇದೆ, ಕಿಟಕಿ ತೆಗೆದರೆ ಬಿ.ಎಚ್. ರಸ್ತೆಯ ಧೂಳೆಲ್ಲ ಒಳಗೆ. ನನ್ನ ಕೀಬೋರ್ಡಿನಲ್ಲಿ ಎನ್ ಕೀ ಹೀಗೆ ಆಡತೊಡಗಿತು. ಅಷ್ಟಾಗಿ ಬಳಸದ ಪಾಸ್ (Pause) ಕೀಯ ಸ್ವಿಚ್ ಕಿತ್ತು ಎನ್‌ಗೆ ಹಾಕಿದೆ, ಎನ್‌ನದ್ದನ್ನು ಪಾಸ್‌ಗೆ ಕೂರಿಸಿದೆ. ಒಂದು ರೂಪಾಯಿ ಖರ್ಚಿಲ್ಲದೆ ರಿಪೇರಿ ಆಯಿತು. ಬೆಸುಗೆ ಹಾಕಿದ ಬೋರ್ಡ್ ಆಗಿದ್ದರೆ ಸೋಲ್ಡರಿಂಗ್ ಬಲ್ಲವರನ್ನು ಹುಡುಕಿಕೊಂಡು ಹೋಗಬೇಕಿತ್ತು. ನಿಮಗೆ ಮೊದಲು ಸವೆಯುವುದು ಎಫ್ ಸ್ವಿಚ್ಚೇ, ಹಾಗಾಗಿ ಇದು ನಿಮಗೆ ತುಂಬಾ ಮುಖ್ಯ.

ಬೇರೆ ಸ್ವಿಚ್ ತರಿಸುವ ಮೊದಲು ಅದು ಕೂರುವ ಸಾಕೆಟ್ ಯಾವುದು ಅಂತ ಓದಿ. ಕೆಲವು ಅಗ್ಗದ ಬೋರ್ಡುಗಳಿಗೆ ಔಟೆಮು ಸ್ವಿಚ್ ಮಾತ್ರ ಹಿಡಿಸುತ್ತದೆ. ಅದರ ಲೋಹದ ಕಾಲು ಬೇರೆಯವಕ್ಕಿಂತ ತೆಳು. ದಪ್ಪ ಕಾಲಿನದನ್ನು ತುರುಕಿದರೆ ಸಾಕೆಟ್ ಹಾಳಾಗುತ್ತದೆ. 3 ಪಿನ್ ಸಾಕೆಟ್‌ಗೆ 5 ಪಿನ್ ಸ್ವಿಚ್ ಬಂದಿದ್ದರೆ ಗಾಬರಿ ಬೇಡ, ಪಕ್ಕದ ಎರಡು ಪ್ಲಾಸ್ಟಿಕ್ ಕಾಲುಗಳನ್ನು ಉಗುರು ಕತ್ತರಿಯಿಂದ ಕತ್ತರಿಸಿದರೆ ಕೂರುತ್ತದೆ.

ವೈರ್‌ಲೆಸ್ ಬೇಡ. ಈ ಬೆಲೆಯಲ್ಲಿ ಬ್ಯಾಟರಿಗೂ ಬ್ಲೂಟೂತ್‌ಗೂ ದುಡ್ಡು ಹೋದರೆ ಸ್ವಿಚ್ಚಿಗೆ ಏನು ಉಳಿಯುತ್ತದೆ? ವೈರಿನದ್ದೇ ಇರಲಿ. ಆ ವೈರು ಬಿಚ್ಚಿ ಹಾಕುವ ಸಿ ಟೈಪ್ ಆಗಿದ್ದರೆ ಇನ್ನೂ ಒಳ್ಳೆಯದು, ವೈರು ತುಂಡಾದರೆ ಕೀಬೋರ್ಡ್ ಎಸೆಯಬೇಕಿಲ್ಲ.

ಉತ್ತರ: ಕ್ಯಾತ್ಸಂದ್ರದಿಂದ, ಟ್ಯಾಲಿ ಕೆಲಸ ಮಾಡುವವರು

ಸಂಘದ ವರದಿ ಅಂದಿರಿ. ಅದರಲ್ಲಿ ಜಮಾ ಖರ್ಚಿನ ಪಟ್ಟಿ ಎಷ್ಟು ಬರುತ್ತದೆ ಅಂತ ಯೋಚಿಸಿ. ಅಂಕಿ ಜಾಸ್ತಿ ಇದ್ದರೆ ನಂಬರ್ ಪ್ಯಾಡ್ ಇಲ್ಲದೆ ಕೈ ಓಡುವುದಿಲ್ಲ. ನಾನಂತೂ 104 ಬಿಟ್ಟು ಬೇರೆಯದಕ್ಕೆ ಹೋಗುವುದಿಲ್ಲ. ನಿಮಗೆ ಅಂಕಿ ಕೆಲಸ ಅಪರೂಪಕ್ಕೆ ಬರುವುದಾದರೆ 87 ತೆಗೆದುಕೊಂಡು, ಮುಂದೆ ಯಾವಾಗಲಾದರೂ ಬೇರೆಯಾಗಿ ಸಿಗುವ ಯುಎಸ್‌ಬಿ ನಂಬರ್ ಪ್ಯಾಡ್ ಸೇರಿಸಿಕೊಳ್ಳಿ. ಅದು ಮೆಂಬ್ರೇನ್ ಆದರೂ ನಡೆಯುತ್ತದೆ.

ಮತ್ತೆ ಕೇಳಿದವರು

ತುಂಬಾ ಉಪಕಾರವಾಯಿತು. ಸ್ಕ್ರೋಲ್ ಲಾಕ್ ವಿಷಯ ತಲೆಗೇ ಬಂದಿರಲಿಲ್ಲ. ಅಂಕಿ ಕೆಲಸ ವರ್ಷಕ್ಕೊಮ್ಮೆ, ಮಹಾಸಭೆ ಹೊತ್ತಿಗೆ ಮಾತ್ರ. ಹಾಗಾಗಿ 87, ಕಂದು, ಹಾಟ್‌ಸ್ವಾಪ್ ನೋಡುತ್ತೇನೆ. ಇನ್ನೆರಡು ಪ್ರಶ್ನೆ. ಕೀಗಳ ಮೇಲಿನ ಅಕ್ಷರ ಅಳಿಸಿಹೋಗುತ್ತದಾ? ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ತರುವುದಾ, ಆನ್‌ಲೈನಾ?

ಉತ್ತರ: ಅಶೋಕ ರಸ್ತೆಯವರು

ಅಕ್ಷರ ಅಚ್ಚು ಹೊಡೆದಿದ್ದರೆ ಅಳಿಸುತ್ತದೆ. ‘ಡಬಲ್ ಶಾಟ್’ ಅಂತ ಇದ್ದರೆ ಅಳಿಸುವುದಿಲ್ಲ. ಅದರಲ್ಲಿ ಅಕ್ಷರ ಬೇರೆ ಬಣ್ಣದ ಪ್ಲಾಸ್ಟಿಕ್ಕಿನಲ್ಲೇ ಮೂಡಿರುತ್ತದೆ, ಬಣ್ಣ ಬಳಿದದ್ದಲ್ಲ. ಈ ಬೆಲೆಗೆ ಸಾಮಾನ್ಯವಾಗಿ ಸಿಗುವುದು ಎಬಿಎಸ್ ಪ್ಲಾಸ್ಟಿಕ್. ಬೆರಳಿನ ಜಿಡ್ಡಿಗೆ ಅದು ಹೊಳಪು ಬರುತ್ತದೆ. ಪಿಬಿಟಿ ಆದರೆ ಅಷ್ಟು ಬೇಗ ಹೊಳಪು ಬರುವುದಿಲ್ಲ. ಕೈಗೆ ಒಗ್ಗಿದವರು ಕೀ ನೋಡುವುದೇ ಇಲ್ಲವಾದ್ದರಿಂದ ಇದಕ್ಕಾಗಿ ಬಜೆಟ್ ಏರಿಸಬೇಡಿ. ಇನ್‌ಸ್ಕ್ರಿಪ್ಟ್ ಅನ್ನುವ ಇನ್ನೊಂದು ಕೀಲಿಮಣೆ ಕಲಿಯುತ್ತಿರುವವರಿಗಾದರೆ ಬೇರೆ ಮಾತು. ಅದರಲ್ಲಿ ಒತ್ತಕ್ಷರಕ್ಕೆ ಡಿ ಕೀ, ಮಿಕ್ಕ ಜಾಗಗಳೂ ಪೂರ್ತಿ ಬೇರೆ. ಕನ್ನಡ ಸ್ಟಿಕರ್ ಅಂಟಿಸಿಕೊಳ್ಳುವುದೇ ಅವರಿಗೆ ಸುಲಭ.

ಎಸ್.ಪಿ. ರಸ್ತೆಗೆ ಹೋದರೆ ಒಂದು ದೊಡ್ಡ ಲಾಭವಿದೆ, ಕೀ ಒತ್ತಿ ನೋಡಬಹುದು. ತುಮಕೂರಿನಿಂದ ಬೆಂಗಳೂರು 70 ಕಿಲೋಮೀಟರ್ ಆಸುಪಾಸು. ರೈಲಿನಲ್ಲಿ ಹೋಗಿ ಮೆಜೆಸ್ಟಿಕ್‌ನಲ್ಲಿ ಇಳಿದರೆ ಅಲ್ಲಿಂದ ದೂರವಿಲ್ಲ. ಬೇರೆ ಕೆಲಸಕ್ಕೆ ಹೋದಾಗ ಒಂದು ಸುತ್ತು ಹಾಕಿ, ಕೆಂಪು ಕಂದು ಎರಡನ್ನೂ ಒತ್ತಿ ನೋಡಿಕೊಂಡು ಬನ್ನಿ. ಒತ್ತುವಾಗ ಎ, ಎಸ್ ಒತ್ತಿ ಸುಮ್ಮನಾಗಬೇಡಿ. ಸ್ಪೇಸ್ ಬಾರ್ ಮತ್ತು ಎರಡೂ ಶಿಫ್ಟ್‌ಗಳ ತುದಿಯಲ್ಲಿ ಒತ್ತಿ. ಉದ್ದ ಕೀಗಳ ಕೆಳಗೆ ತಂತಿ ಇರುತ್ತದೆ, ಅದು ಸಡಿಲವಿದ್ದರೆ ಗಲಗಲ ಅನ್ನುತ್ತದೆ. ಆ ಸದ್ದೇ ತಂಗಿಗೆ ಕಿರಿಕಿರಿ ಮಾಡುವುದು, ಸ್ವಿಚ್ಚಿನದ್ದಲ್ಲ. ತಂತಿಯ ತುದಿಗೆ ಚೂರು ಸಿಲಿಕೋನ್ ಗ್ರೀಸ್ ಸವರಿದರೆ ಬಹಳಷ್ಟು ಕಮ್ಮಿಯಾಗುತ್ತದೆ. ಕೀಬೋರ್ಡಿನ ಅಡಿಗೆ ದಪ್ಪ ಬಟ್ಟೆಯೋ ಡೆಸ್ಕ್ ಮ್ಯಾಟೋ ಹಾಕಿದರೆ ಟೇಬಲ್ ಅದುರುವುದೂ ನಿಲ್ಲುತ್ತದೆ.

ಉತ್ತರ: ಗುಬ್ಬಿ ಗೇಟ್ ಕಡೆಯಿಂದ, ಪ್ರೂಫ್ ನೋಡುವವರು

ಬೆರಳು ನೋವಿನ ಬಗ್ಗೆ ಒಂದು ಮಾತು. ಮೆಕ್ಯಾನಿಕಲ್ ಮಾಮೂಲಿ ಕೀಬೋರ್ಡಿಗಿಂತ ಎತ್ತರ. ಹಿಂದಿನ ಕಾಲು ಮಡಚಿಯೇ ಇಡಿ, ಎಬ್ಬಿಸಿದರೆ ಮಣಿಕಟ್ಟು ಇನ್ನಷ್ಟು ಮೇಲಕ್ಕೆ ಬಾಗುತ್ತದೆ. ದುಡ್ಡು ಕೊಟ್ಟು ರಿಸ್ಟ್ ರೆಸ್ಟ್ ತರಬೇಕಿಲ್ಲ. ಟವೆಲ್ ಸುತ್ತಿ ಮುಂದೆ ಇಟ್ಟುಕೊಂಡರೆ ಆಯಿತು. ಕುರ್ಚಿಯ ಎತ್ತರವನ್ನೂ ನೋಡಿ, ಮೊಣಕೈ ಕೀಬೋರ್ಡಿನ ಮಟ್ಟಕ್ಕೆ ಬರಬೇಕು. ಇಷ್ಟು ಮಾಡಿದ ಮೇಲೂ ನೋವು ಇದ್ದರೆ ಡಾಕ್ಟರಿಗೆ ತೋರಿಸಿ, ತಡ ಮಾಡಬೇಡಿ. ನಮ್ಮ ದುಡಿಮೆಯೆಲ್ಲ ಬೆರಳ ಮೇಲೇ ಇದೆ.

ಉತ್ತರ: ಬಟವಾಡಿಯವರು

ಆನ್‌ಲೈನಿನಲ್ಲೇ ತರಿಸುವುದಾದರೆ ಪೆಟ್ಟಿಗೆ ಬಿಚ್ಚುವುದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ. ನನಗೆ ಒಂದು ಸಲ ಕಂದು ಅಂತ ಆರ್ಡರ್ ಮಾಡಿದ್ದಕ್ಕೆ ನೀಲಿ ಬಂದಿತ್ತು. ವಿಡಿಯೋ ಇದ್ದದ್ದರಿಂದ ತಕರಾರಿಲ್ಲದೆ ಬದಲಾಯಿಸಿಕೊಟ್ಟರು. ಬಂದ ದಿನವೇ ಒಂದು ಕೀಕ್ಯಾಪ್ ಎಬ್ಬಿಸಿ ಸ್ವಿಚ್ಚಿನ ಬಣ್ಣ ನೋಡಿ. ಮೇಲಿನ ಕೀಯ ಬಣ್ಣಕ್ಕೂ ಅದಕ್ಕೂ ಸಂಬಂಧವಿಲ್ಲ. ಆಮೇಲೆ ಬ್ರೌಸರ್‌ನಲ್ಲಿ ಕೀಬೋರ್ಡ್ ಟೆಸ್ಟರ್ ಅಂತ ಹುಡುಕಿ, 87 ಕೀಗಳನ್ನೂ ಒಂದೊಂದಾಗಿ ಒತ್ತಿ. ಕೊನೆಗೆ ನುಡಿ ತೆರೆದು ನೀವು ಮಾಡಬೇಕಾದ ಕೆಲಸವನ್ನೇ ಒಂದೆರಡು ಪುಟ ಹೊಡೆಯಿರಿ. ಎಫ್ ಎರಡು ಸಲ ಬೀಳುತ್ತಿದ್ದರೆ, ಸ್ಕ್ರೋಲ್ ಲಾಕ್ ಸ್ಪಂದಿಸದಿದ್ದರೆ ಆ ಎರಡು ಪುಟದಲ್ಲೇ ಗೊತ್ತಾಗುತ್ತದೆ. ವಾಪಸ್ ಕೊಡುವ ಗಡುವು ಮುಗಿಯುವವರೆಗೆ ಪೆಟ್ಟಿಗೆ, ಕೀಕ್ಯಾಪ್ ಕೀಳುವ ಚಿಮಟ, ಜೊತೆಗೆ ಬಂದ ಬಿಡಿ ಸ್ವಿಚ್ಚುಗಳು ಯಾವುದನ್ನೂ ಎಸೆಯಬೇಡಿ. ಗಡುವು ಕಳೆದ ಮೇಲೂ ಬಿಡಿ ಸ್ವಿಚ್ಚುಗಳು ಟೇಬಲ್ ಡ್ರಾಯರಿನಲ್ಲೇ ಇರಲಿ.